ಪೆನ್ಸಿಲ್ ಗೆರೆಯ ಮೇಲೆ ಗ್ಲೈಸಿನ್

“ಮುಟ್ಟಬ್ಯಾಡ್ರಿ!”

ಅಮೋಘಿ ಸತ್ಯವ್ವನಿಗೆ ಆಡಿದ ಮೊದಲ ಮಾತು ಇದು. ನಮಸ್ಕಾರ ಇಲ್ಲ, ಹೆಸರು ಕೇಳಿದ್ದಿಲ್ಲ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು ಎನ್ನುವಂಥ ಮನುಷ್ಯ. ಅವತ್ತು ಆಡಿದ್ದೊಂದು, ಅದೂ ಇಡೀ ಲ್ಯಾಬಿಗೆ ಕೇಳುವಷ್ಟು ದೊಡ್ಡ ದನಿಯಲ್ಲಿ.

೧೯೭೭ರ ಆಗಸ್ಟ್ ತಿಂಗಳು. ವಿಜಾಪುರದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬು. ಸತ್ಯವ್ವ ಅವತ್ತೇ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದ್ದಳು, ಮಾರ್ಚ್ ಕೊನೆಯವರೆಗಿನ ಕೆಲಸ. ಅಮೋಘಿಯದೂ ಅದೇ ಹುದ್ದೆ, ಎರಡು ವರ್ಷ ಹಳಬ. ಅವನ ಮೇಜಿನ ಮೇಲೆ ಉದ್ದನೆಯ ಫಿಲ್ಟರ್ ಪೇಪರಿನ ಪಟ್ಟಿಯೊಂದಿತ್ತು, ನಟ್ಟನಡುವೆ ಪೆನ್ಸಿಲಿನಿಂದ ಎಳೆದ ಒಂದು ಗೆರೆ. ಇದೇನಿರಬಹುದು ಎಂದು ಅವಳು ಕೈ ಚಾಚಿದಳು, ಅಷ್ಟೆ.

ಚಾಚಿದ ಕೈ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಹಿಂದೆ ಸರಿದು ಸೆರಗಿನೊಳಗೆ ಸೇರಿಕೊಂಡಿತು. ಅವಳು ಒಮ್ಮೆ ತಲೆಯೆತ್ತಿ ಅವನ ಮುಖ ನೋಡಿದಳು. ನೋಟದಲ್ಲಿ ಸಿಟ್ಟಿರಲಿಲ್ಲ. ಸಣ್ಣಂದಿನಿಂದ ಗೊತ್ತಿದ್ದ ಯಾರನ್ನೋ ಮತ್ತೊಮ್ಮೆ ಕಂಡ ಹಾಗಿತ್ತು.

“ತಪ್ಪಾತ್ರಿ,” ಅಂದಳು. ಮೂರು ಹೆಜ್ಜೆ ಹಿಂದೆ ಹೋಗಿ ನಿಂತಳು.

ಅಮೋಘಿಗೆ ಏನೂ ಹೊಳೆಯಲಿಲ್ಲ. ಪೇಪರ್ ಉಳಿಯಿತಲ್ಲ ಎಂದು ಸಮಾಧಾನಪಟ್ಟುಕೊಂಡು ಚಿಮಟದಿಂದ ಅದನ್ನೆತ್ತಿ ಗಾಜಿನ ತೊಟ್ಟಿಯೊಳಗೆ ಇಟ್ಟ. ಜಾಣನೇ, ಆದರೆ ಅವನ ಜಾಣತನವೆಲ್ಲ ಗಾಜಿನ ಪಾತ್ರೆಗಳ ಒಳಗಿತ್ತು.

ಆ ತೊಟ್ಟಿಯ ಕಥೆಯನ್ನೂ ಹೇಳಬೇಕು. ವಿಭಾಗದ ಮುಖ್ಯಸ್ಥರಾದ ಗುರುಪಾದಯ್ಯನವರು ಆ ವರ್ಷ ಬಿ.ಎಸ್ಸಿ. ಹುಡುಗರಿಗೆ ಹೊಸ ಪ್ರಯೋಗವೊಂದನ್ನು ತೋರಿಸಬೇಕೆಂದು ಹಟ ಹಿಡಿದಿದ್ದರು. ಅಮೈನೊ ಆಮ್ಲಗಳನ್ನು ಕರೆಂಟಿನ ಬಲದಿಂದ ಬೇರೆ ಬೇರೆ ಮಾಡುವುದು. ಉಪಕರಣ ತರಿಸಲು ಆಗದು, ನೀನೇ ಏನಾದರೂ ಮಾಡು ಅಂದರು. ಅಮೋಘಿ ಗೋಳಗುಮ್ಮಟದ ಹತ್ತಿರ ರೇಡಿಯೊ ರಿಪೇರಿ ಮಾಡುವ ಅಬ್ದುಲಸಮದನ ಬೆನ್ನು ಬಿದ್ದ. ಹಳೆಯ ರೇಡಿಯೊಗಳ ಹೊಟ್ಟೆಯಿಂದ ಸಾಮಾನು ಕಿತ್ತು ಅಬ್ದುಲಸಮದ ಒಂದು ಪೆಟ್ಟಿಗೆ ಮಾಡಿಕೊಟ್ಟ. ಒಂದು ತಂತಿ ಪ್ಲಸ್, ಒಂದು ತಂತಿ ಮೈನಸ್. ಮುಟ್ಟಿದರೆ ಮನುಷ್ಯ ಹಾರಿ ಬೀಳಬೇಕು.

ಹತ್ತು ದಿನಗಳ ಮೇಲೆ ಗುರುಪಾದಯ್ಯನವರು ಲ್ಯಾಬಿಗೆ ಬಂದರು. ಬಂದವರೇ ಮೇಜಿನ ಮೇಲಿದ್ದ ಪೇಪರನ್ನು ಎರಡೂ ಕೈಯಿಂದ ಎತ್ತಿ ಹಿಡಿದು, “ಭೇಷ್, ಅಗದಿ ಸ್ವಚ್ಛ ಕತ್ತರಿಸಿದಿ,” ಎಂದು ಹೊಗಳಿದರು. ಅಮೋಘಿ ಕೈ ಕಟ್ಟಿಕೊಂಡು ನಿಂತಿದ್ದ. ಹಿರಿಯರಿಗೆ ಬೇಡ ಎನ್ನುವ ಧೈರ್ಯ ಅವನಿಗೆ ಯಾವತ್ತೂ ಬಂದಿರಲಿಲ್ಲ. ಅವರು ಹೋದ ಮೇಲೆ ಆ ಪೇಪರನ್ನು ಹರಿದು ಬುಟ್ಟಿಗೆ ಹಾಕಿದ.

ಸತ್ಯವ್ವ ಕಂಡದ್ದು ಎತ್ತಿ ಹಿಡಿದದ್ದನ್ನು ಮಾತ್ರ. ಹರಿಯುವ ಹೊತ್ತಿಗೆ ಗಂಟೆ ಹೊಡೆದು ಅವಳು ಕ್ಲಾಸಿಗೆ ಹೋಗಿದ್ದಳು.

*

ಅಂದಿನಿಂದ ಸತ್ಯವ್ವ ಅವನ ಮೇಜಿನಿಂದ ಮೂರು ಹೆಜ್ಜೆ ದೂರ. ಲ್ಯಾಬಿನ ಮೂಲೆಯ ಕೊಡದ ನೀರನ್ನು ಕುಡಿಯಲಿಲ್ಲ, ಮನೆಯಿಂದ ಬಾಟಲಿಯಲ್ಲಿ ತಂದುಕೊಳ್ಳುತ್ತಿದ್ದಳು. ಚಹಾ ಬಂದರೆ ತನ್ನದೇ ಲೋಟ ಮುಂದಿಟ್ಟು, “ಮ್ಯಾಲಿಂದ ಹಾಕ್ರಿ,” ಅನ್ನುತ್ತಿದ್ದಳು. ಕುಡಿದು ತಾನೇ ತೊಳೆದು ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದಳು.

ಅಮೋಘಿ ಇದನ್ನೆಲ್ಲ ನೋಡಿದ. ನೋಡಿ ತನಗೆ ತೋಚಿದ ಅರ್ಥ ಮಾಡಿಕೊಂಡ. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಕುಮಾರಿ ಎಸ್. ಎಚ್. ತಿಕೋಟಿ ಎಂದಿತ್ತು. ಆ ಕಡೆ ಊರ ಹೆಸರೇ ಅಡ್ಡಹೆಸರು. ಅದರಿಂದ ಯಾರು ಯಾವ ಪೈಕಿ ಎಂದು ತಿಳಿಯುವುದಿಲ್ಲ. ಇಸ್ತ್ರಿ ಮಾಡಿದ ಸೀರೆ, ಬಿಡಿಸಿ ಆಡುವ ಮಾತು, ಈ ಮಡಿ. ತಿಕೋಟಿಯ ಯಾವುದೋ ದೊಡ್ಡ ಮನೆಯವಳೇ ಇರಬೇಕು ಎಂದುಕೊಂಡ. ತಾನಾದರೋ ಬಬಲೇಶ್ವರದ ಕುರಿ ಕಾಯುವವರ ಮಗ. ಹತ್ತನೇ ಕ್ಲಾಸಿನವರೆಗೂ ಕುರಿಹಟ್ಟಿಯಲ್ಲೇ ಕಂಬಳಿ ಹೊದ್ದು ಮಲಗಿದವನು. ಆ ವಾಸನೆ ಇನ್ನೂ ಮೈಯಲ್ಲಿದೆ, ಅದಕ್ಕೇ ಇವಳು ದೂರ ನಿಲ್ಲುತ್ತಾಳೆ!

ಗಂಧದ ಸಾಬೂನು ತಂದ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೈ ತಿಕ್ಕಿದ್ದೇ ತಿಕ್ಕಿದ್ದು.

ಅಮೋಘಿ ಇದ್ದದ್ದು ಅಬ್ದುಲಸಮದನ ಅಂಗಡಿಯ ಹಿಂದಿನ ಒಂದೇ ಖೋಲಿಯಲ್ಲಿ. “ಅರೇ ಭಾಯ್,” ಅಬ್ದುಲಸಮದ ಬಾವಿಕಟ್ಟೆಯ ಹತ್ತಿರ ಕೇಳಿದ, “ಈ ಊರಾಗ ನೀರ ಸಿಗವಲ್ದು, ನೀ ಎರಡೆರಡು ಸಲ ಜಳಕಾ ಮಾಡಾಕತ್ತಿ. ಯಾರ ಸಲುವಾಗಿ?”

“ಯಾರ ಸಲುವಾಗಿನೂ ಇಲ್ಲ.”

“ಹಂಗಾದ್ರ ಕಿವಿ ಯಾಕ ಕೆಂಪಾತು?”

ಅಮೋಘಿ ಬಕೆಟ್ ಎತ್ತಿಕೊಂಡು ಒಳಗೆ ಹೋದ.

ಸಂಜೆಗಳು ಮಾತ್ರ ಕೆಟ್ಟವು. ಗುಮ್ಮಟ ನೋಡಲು ಬಂದವರು ಬಸ್ಸು ಹತ್ತಿ ಹೋಗಿ, ಶೇಂಗಾದ ಗಾಡಿಗಳು ಖಾಲಿಯಾಗಿ, ರಸ್ತೆ ಬಿಕೋ ಅನ್ನುತ್ತಿತ್ತು. ಖಾನಾವಳಿಯಲ್ಲಿ ಗೋಡೆಗೆ ಮುಖ ಮಾಡಿ ಉಂಡು ಬರುವುದು. ರಿಪೇರಿಯಾದ ರೇಡಿಯೊಗಳನ್ನು ಅಬ್ದುಲಸಮದ ಅವನ ಖೋಲಿಯಲ್ಲೇ ಇಡುತ್ತಿದ್ದ. ಯಾರದೋ ಮನೆಯ ರೇಡಿಯೊ ಹಚ್ಚಿಕೊಂಡು, ಯಾರಿಗೋ ಹೇಳಿದ ವಾರ್ತೆ ಕೇಳುತ್ತ ಕೂಡುವುದು. ನಾಲ್ಕೇ ದಿನಕ್ಕೆ ಆ ರೇಡಿಯೊದವರು ಬಂದು ಒಯ್ಯುತ್ತಿದ್ದರು. ಅದೂ ಇಲ್ಲದ ದಿನ ಅವನು ಸತ್ಯವ್ವ ಅವತ್ತು ಏನೇನು ಅಂದಳು ಎಂದು ನೆನೆಯುತ್ತಿದ್ದ. ನೆನೆಯುವಷ್ಟು ಮಾತು ಅವಳೂ ಆಡುತ್ತಿರಲಿಲ್ಲ.

ಆದರೂ ಆಡುತ್ತಿದ್ದಳು, ಮೂರು ಹೆಜ್ಜೆಯ ಆಚೆಯಿಂದ. ಅವನು ತೊಟ್ಟಿಗೆ ಕರೆಂಟು ಕೊಟ್ಟು ಗಡಿಯಾರ ನೋಡುತ್ತ ಕುಳಿತಾಗ, ಆಲ್ಮಾರಿಯ ಗಾಜಿನಲ್ಲಿ ಅವಳ ಕಣ್ಣು ಕಾಣುತ್ತಿತ್ತು. ಇವನು ನೋಡಿದರೆ ಅವು ಕೆಳಗಿಳಿಯುತ್ತಿದ್ದವು. ಇವನು ತೊಟ್ಟಿಯ ಕಡೆ ತಿರುಗಿದರೆ ಮತ್ತೆ ಮೇಲೇಳುತ್ತಿದ್ದವು.

ಒಂದು ದಿನ ಅವಳೇ ಕೇಳಿದಳು. “ಸರ್, ಗೆರಿ ಮ್ಯಾಲ ಹಾಕಿದ ಆ ಮೂರು ಚುಕ್ಕಿ ಎಲ್ಲಿಗಿ ಹೋಗತಾವ್ರಿ?”

ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಅವನ ಬಾಯಿಂದ ಕೇಳುವ ಆಸೆ. ಅಮೋಘಿಗೆ ಹುರುಪು ಬಂತು. ಈ ಒಂದು ವಿಷಯಕ್ಕೆ ಬಂದರೆ ಅವನ ಮಾತಿಗೆ ತಡೆಯಿಲ್ಲ.

“ಅಮೈನೊ ಆ್ಯಸಿಡ್ ಅಂದ್ರ ಒಂದ ತುದಿ ಆ್ಯಸಿಡ್, ಇನ್ನೊಂದ ತುದಿ ಬೇಸ್ ನೋಡ್ರಿ. ಒಂದ ಮೈಯಾಗ ಎರಡೂ.”

“ಜಗಳಾ ಆಡಂಗಿಲ್ಲೇನ್ರಿ?”

“ಇಲ್ರಿ. ಆ್ಯಸಿಡ್ ತುದಿ ಒಂದು ಪ್ರೋಟಾನ್ ಬಿಟ್ಟುಕೊಡತೈತಿ. ಬೇಸ್ ತುದಿ ಒಂದ ಹಿಡಕೋತೈತಿ. ಇತ್ತಾಗ ಮೈನಸ್, ಅತ್ತಾಗ ಪ್ಲಸ್. ಈಗ ನಮ್ಮ ಬಫರ್, ಅಂದ್ರ ಪೇಪರ್ ನೆನೆಸಿದ ನೀರು, ಅದರ ಪಿಎಚ್ ಆರು. ಆಸ್ಪಾರ್ಟಿಕ್ ಆ್ಯಸಿಡಿಗೆ ಒಂದು ಮೈನಸ್ ಹೆಚ್ಚಿಗಿ, ಅದು ಪ್ಲಸ್ ತಂತಿ ಕಡೆ ಓಡತೈತಿ. ಲೈಸಿನ್‌ಗೆ ಒಂದು ಪ್ಲಸ್ ಹೆಚ್ಚಿಗಿ, ಅದು ಮೈನಸ್ ಕಡೆ. ಗ್ಲೈಸಿನ್ ಮಾತ್ರ ಪೆನ್ಸಿಲ್ ಗೆರಿ ಮ್ಯಾಲೇ ಕುಂದರತೈತಿ. ಪ್ಲಸ್ಸೂ ಒಂದ, ಮೈನಸ್ಸೂ ಒಂದ. ಯಾವ ಕಡೆ ಜಗ್ಗಿದ್ರೂ ಬರಂಗಿಲ್ಲ.”

“ಪಾಪ,” ಅಂದಳು ಸತ್ಯವ್ವ.

“ಪಾಪ ಯಾಕ್ರಿ?”

“ಒಂದ ಕಡೆ ಹೋಗೂದಾಗಲಿ, ಬಿಡೂದಾಗಲಿ. ನಡುವ ಕುಂದ್ರೂದು ಬಾಳ ಕಷ್ಟ.” ಹಾಗೆಂದು ತನ್ನ ಲೋಟ ತೊಳೆಯಲು ಹೋದಳು.

*

ಜನವರಿಯ ಒಂದು ಬೆಳಿಗ್ಗೆ ಅಮೋಘಿ ತಪ್ಪು ಮಾಡಿದ. ಚಿಮಟ ಎಲ್ಲೋ ಇಟ್ಟು ಮರೆತು, ಅವಸರದಲ್ಲಿ ಪೇಪರನ್ನು ಬರಿಗೈಯಿಂದ ಎತ್ತಿದ. ಕರೆಂಟು ಹರಿಸಿದ್ದಾಯಿತು. ಒಣಗಿದ ಮೇಲೆ ನಿನ್‌ಹೈಡ್ರಿನ್ ಸಿಂಪಡಿಸಿದ್ದಾಯಿತು. ಅಮೈನೊ ಆಮ್ಲ ಕಣ್ಣಿಗೆ ಕಾಣುವುದಿಲ್ಲ. ಆ ದ್ರವ ಹೊಡೆದು ಕಾಯಿಸಿದರೆ ಮಾತ್ರ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಲ್ಯಾಬಿನ ಓವನ್ ಕೆಟ್ಟಿತ್ತು. ಇದ್ದಲಿಯ ಇಸ್ತ್ರಿಪೆಟ್ಟಿಗೆಯನ್ನೇ ಮೇಲಿನಿಂದ ಆಡಿಸುತ್ತಿದ್ದ.

ಮೂರು ಚುಕ್ಕಿ ಮೂಡಿದವು. ಅವುಗಳ ಪಕ್ಕದಲ್ಲಿ, ಅಂಚಿನುದ್ದಕ್ಕೂ, ಐದು ಬೆರಳು ಮೂಡಿದವು. ಗೆರೆಗಳ ಸಮೇತ, ಅಚ್ಚ ನೇರಳೆ.

ಸತ್ಯವ್ವ ತಡೆಯಲಾರದೆ ನಕ್ಕಳು. ಐದು ತಿಂಗಳಲ್ಲಿ ಅವನು ಆ ನಗೆ ಕೇಳಿದ್ದು ಅದೇ ಮೊದಲು. “ಕಳ್ಳ ಸಿಕ್ಕಬಿದ್ದಾನ ನೋಡ್ರಿ ಸರ್! ಯಾರ ಕೈ ಇದು?”

“ನಂದ ಐತ್ರಿ,” ಅಮೋಘಿ ನಾಚಿಕೊಂಡ. “ಕೈ ಬೆವರಿನ್ಯಾಗೂ ಅಮೈನೊ ಆ್ಯಸಿಡ್ ಇರತಾವು. ಮುಟ್ಟಿದ್ರ ಪೇಪರ್ ಕೆಡತೈತಿ. ನೀವು ಬಂದ ದಿವಸ ಅದಕ್ಕ ಒದರಿದ್ದೆ, ನೆನಪೈತಿಲ್ರಿ? ದನಿ ಸ್ವಲ್ಪ ದೊಡ್ಡದಾತು ಅವತ್ತ.”

ನಗೆ ನಿಂತಿತು. ಅವಳು ಪೇಪರನ್ನು ನೋಡಿದಳು, ಅವನನ್ನು ನೋಡಿದಳು.

“ಅದಕ್ಕ?” ಅಂದಳು.

“ಮತ್ತ್ಯಾಕ ಅಂದ್ಕೊಂಡಿದ್ರಿ?”

ಸತ್ಯವ್ವ ಸ್ಟೂಲ್ ಎಳೆದುಕೊಂಡು ಕುಳಿತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ, ಎರಡೂ ಇತ್ತು. “ನಾನು ತಿಕೋಟಿ ಕೆಳಗಿನ ಓಣ್ಯಾಕಿ ಸರ್,” ಅಂದಳು ಕೊನೆಗೆ. “ನಮ್ಮಪ್ಪ ಬುದ್ಧನ ಧರ್ಮಕ್ಕ ಹೋಗ್ಯಾನ. ಆದ್ರೂ ಊರ ಮಂದಿಗಿ ನಾವು ಮೊದಲಿನವ್ರ. ಸಣ್ಣಾಕಿದ್ದಾಗಿಂದ ಆ ಮಾತು ಕೇಳಿ ಕೇಳಿ... ನೀವು ಅಂದಾಗೂ ಹಂಗ ತಿಳ್ಕೊಂಡ್ನಿ. ಮ್ಯಾಲ ಗುರುಪಾದಯ್ಯ ಸರ್ ಮುಟ್ಟಿದ್ರ ಸುಮ್ನ ನಿಂತಿದ್ರಿ.”

ಅಮೋಘಿ ಮನಸ್ಸಿನಲ್ಲೇ ಎಣಿಸಿದ. ಐದು ತಿಂಗಳು. ಆ ಬಾಟಲಿ, ಆ ಲೋಟ, ಆ ಮೂರು ಹೆಜ್ಜೆ. ತನ್ನ ಒಂದು ಮಾತನ್ನು ಹೊತ್ತುಕೊಂಡು ಇವಳು ದಿನಾ ಎದುರಿಗೇ ನಿಂತಿದ್ದಳು, ತಾನು ಸಾಬೂನು ಹಚ್ಚಿಕೊಳ್ಳುತ್ತಿದ್ದ.

“ನಾ ಏನ ತಿಳ್ಕೊಂಡಿದ್ದೆ ಗೊತ್ತೈತೇನ್ರಿ?” ಅಂದ. “ನನ್ನ ಮೈ ಕುರಿ ವಾಸನಿ ಹೊಡಿತೈತಿ, ಅದಕ್ಕ ನೀವು ದೂರ ನಿಲ್ಲತೀರಿ ಅಂತ.”

ಅವಳು ದಿಟ್ಟಿಸಿದಳು. “ಗಂಧದ ವಾಸನಿ ಹೊಡಿತಿತ್ತು. ಈ ಮನಶ್ಯಾ ದಿನಾ ಪೂಜಾ ಮಾಡಿ ಬರತಾನ ಅಂದ್ಕೊಂಡಿದ್ದೆ.”

ಆಮೇಲೆ ಇಬ್ಬರೂ ನಕ್ಕರು, ಪಕ್ಕದ ರೂಮಿನ ಫಿಸಿಕ್ಸಿನವರು ಬಂದು ಇಣುಕುವಷ್ಟು. ಮಧ್ಯಾಹ್ನ ಚಹಾ ಬಂದಾಗ ಸತ್ಯವ್ವ ಚೀಲಕ್ಕೆ ಕೈ ಹಾಕಲಿಲ್ಲ. ಅವನ ಲೋಟವನ್ನೇ ಎಳೆದುಕೊಂಡು ಅರ್ಧ ಕುಡಿದು, ಉಳಿದರ್ಧವನ್ನು ಅವನ ಮುಂದಿಟ್ಟಳು. ಅಮೋಘಿ ಒಂದು ಹನಿ ಉಳಿಸದೆ ಕುಡಿದ. ಅಷ್ಟು ಸಿಹಿ ಚಹಾ ಆ ಕಾಲೇಜಿನಲ್ಲಿ ಯಾವತ್ತೂ ಬಂದಿರಲಿಲ್ಲ ಎಂದು ಅವನು ಇಂದಿಗೂ ಹೇಳುತ್ತಾನೆ.

*

ಫೆಬ್ರವರಿ ಹೇಗೆ ಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ. ಬೆಳಗಿನ ಹೊತ್ತು ಕರೆಂಟು ಸರಿಯಾಗಿರುತ್ತದೆ ಎಂಬ ನೆಪ ಹೇಳಿ ಇಬ್ಬರೂ ಎಂಟಕ್ಕೇ ಲ್ಯಾಬಿಗೆ ಬರುತ್ತಿದ್ದರು. ಪೇಪರ್ ತೊಟ್ಟಿಯಲ್ಲಿರುವ ಒಂದು ತಾಸು ಅವರದು. ಅವಳು ಬಿಸಿಲಿಗೆ ಬೆನ್ನು ಕೊಟ್ಟು ಕುಳಿತು ಟೈಟ್ರೇಷನ್ ಪುಸ್ತಕ ತಿದ್ದುತ್ತಿದ್ದಳು. ಕಿವಿಯ ಹಿಂದೆ ಸಿಕ್ಕಿಸಿದ ಕೂದಲು ಮತ್ತೆ ಮತ್ತೆ ಜಾರುತ್ತಿತ್ತು. ಅಮೋಘಿ ಗಡಿಯಾರ ನೋಡುವುದನ್ನು ಮರೆತು ಎರಡು ಸಲ ಪೇಪರ್ ಸುಟ್ಟ.

“ಸರ್, ಹೊಗಿ ಬರಾಕತ್ತೈತಿ.”

“ಎಲ್ಲಿಂದ?”

“ನಿಮ್ಮ ತೊಟ್ಟ್ಯಾಗಿಂದ. ನನ್ನ ಕೂದಲದಾಗಿಂದ ಅಲ್ಲ.”

ಅವನ ಕಿವಿ ಕೆಂಪಾಯಿತು.

ಮಾರ್ಚ್ ಬಂದ ಕೂಡಲೇ ಸತ್ಯವ್ವ ಕಾಗದವೊಂದನ್ನು ತಂದು ತೋರಿಸಿದಳು. ತಿಕೋಟಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರಿಕೆ. ಏಪ್ರಿಲ್ ಒಂದಕ್ಕೆ ಸೇರಬೇಕು. ಇಲ್ಲಿಯ ಕೆಲಸ ಮೂವತ್ತೊಂದಕ್ಕೆ ಮುಗಿಯುತ್ತದೆ.

“ಹೋಗಬ್ಯಾಡ್ರಿ,” ಅಂದ ಅಮೋಘಿ. ಆಮೇಲೆ ಎರಡು ತಿಂಗಳಿನಿಂದ ಬಾಯಿಪಾಠ ಮಾಡಿದ್ದೆಲ್ಲ ಮರೆತು, “ನನ್ನ ಮದಿವ್ಯಾಗ್ರಿ,” ಅಂದ.

ಸತ್ಯವ್ವ ಕಣ್ಣು ಕೆಳಗಿಳಿಸಲಿಲ್ಲ. ಮುಖದ ತುಂಬ ಸಂತೋಷವಿತ್ತು, ಮುಚ್ಚಿಡಲೂ ಇಲ್ಲ. “ಆಗತೇನಿ. ಆದ್ರ ಕಳ್ಳರಂಗ ಆಗಂಗಿಲ್ಲ. ನಿಮ್ಮ ಅವ್ವಗ ಹೇಳ್ರಿ. ನನ್ನ ಹೆಸರು, ನನ್ನ ಓಣಿ, ಎರಡೂ ಹೇಳ್ರಿ.”

“ಆಕಿ ಒಪ್ಪಲಿಲ್ಲಂದ್ರ?”

“ಒಪ್ಪಸ್ರಿ ಅಂತ ನಾ ಎಲ್ಲಿ ಅಂದೆ? ಹೇಳ್ರಿ ಅಂದೆ. ಹೇಳಿದ್ರ ಈ ಕಾಗದ ಹರದು ಹಾಕತೇನಿ, ವಿಜಾಪುರದಾಗ ಬ್ಯಾರೆ ಕೆಲಸಾ ಹುಡುಕೂಣು.”

ಅಮೋಘಿ ಭಾನುವಾರ ಬಬಲೇಶ್ವರಕ್ಕೆ ಹೋದ. ಅವನ ತಾಯಿ ಬೋರವ್ವ ಹಟ್ಟಿಯಲ್ಲಿ ಮರಿಯೊಂದಕ್ಕೆ ಹಾಲು ಕುಡಿಸುತ್ತಿದ್ದಳು. ಅವನಿಗೆ ಎರಡು ವರ್ಷವಿದ್ದಾಗ ಗಂಡನನ್ನು ಕಳೆದುಕೊಂಡವಳು. ಕೂಸನ್ನು ಕಂಬಳಿಯಲ್ಲಿ ಕಟ್ಟಿಕೊಂಡು ಕುರಿಯ ಹಿಂದೆ ಊರೂರು ತಿರುಗಿ ಈ ಮಗನನ್ನು ಬಿ.ಎಸ್ಸಿ. ಮಾಡಿಸಿದವಳು.

“ಅವ್ವಾ, ಒಂದು ಹುಡಗಿ ನೋಡೇನಿ. ಸತ್ಯವ್ವ ಅಂತ ಹೆಸರು. ತಿಕೋಟಿಯಾಕಿ.”

ಬೋರವ್ವನ ಮುಖ ಅರಳಿತು. “ಯಾರ ಪೈಕಿ ಯಪ್ಪಾ?”

ಮರಿ ಚಪಚಪ ಹಾಲು ಕುಡಿಯುತ್ತಿತ್ತು. ತಾಯಿ ನಗುಮುಖದಿಂದ ಕಾಯುತ್ತಿದ್ದಳು. ಹೇಳಬೇಕಾದ ಮಾತು ಅಮೋಘಿಯ ಹಲ್ಲಿನವರೆಗೂ ಬಂತು, ಅಲ್ಲಿಂದ ತಿರುಗಿ ಹೋಯಿತು.

“ಕಾಲೇಜಿನ್ಯಾಗ ಕಲಸ್ತಾಳವ್ವಾ. ಬಿ.ಎಸ್ಸಿ. ಆಗೈತಿ. ಬಾಳ ಶ್ಯಾಣ್ಯಾಕಿ ಅದಾಳ,” ಅಂದ.

ಶಾಲೆ ಕಾಣದ ಬೋರವ್ವನಿಗೆ ಅಷ್ಟೇ ಸಾಕಾಯಿತು. ಮಗ ತಮ್ಮವರನ್ನೇ ನೋಡಿರುತ್ತಾನೆ, ಬೇರೆ ಯೋಚನೆ ಅವಳಿಗೆ ಬರಲೇ ಇಲ್ಲ. ಟ್ರಂಕಿನ ತಳದಿಂದ ಗುಳೇದಗುಡ್ಡದ ಖಣವೊಂದನ್ನು ತೆಗೆದಳು. ಸೊಸೆಗೆಂದೇ ಹತ್ತು ವರ್ಷದಿಂದ ಇಟ್ಟಿದ್ದ ಕುಪ್ಪಸದ ಬಟ್ಟೆ. “ಆಕೀಗಿ ಕೊಡು. ಹೊಲಿಸಿಕೊಂಡು ತೊಟಗೊಂಡು ಬರಲಿ, ಕಣ್ಣಾಗ ನೋಡತೇನಿ.”

ಸೋಮವಾರ ಲ್ಯಾಬಿನಲ್ಲಿ ಅಮೋಘಿ ಖಣವನ್ನು ಗೆದ್ದವನಂತೆ ಮುಂದೆ ಹಿಡಿದ. ಸತ್ಯವ್ವ ಅದನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಳು. ಆಲ್ಮಾರಿಯ ಗಾಜಿನಲ್ಲಿ ನೋಡಿಕೊಂಡಳು. ಆ ಅರ್ಧ ನಿಮಿಷದಲ್ಲಿ ಅವಳು ಎಷ್ಟು ಚೆಂದ ಕಂಡಳೆಂದರೆ ಅಮೋಘಿಗೆ ತಾನು ಮಾಡಿದ್ದೇ ಸರಿಯೆನಿಸಿತು.

“ಓಣಿ ಹೇಳಿದ್ರಿ?” ಅವಳು ಗಾಜಿನಲ್ಲೇ ಕೇಳಿದಳು.

ಅವನು ನೆಲ ನೋಡಿದ.

ಗಾಜಿನೊಳಗಿನ ಮುಖ ಬದಲಾಯಿತು. ಅವಳು ಖಣವನ್ನು ಹಳೆಯ ಮಡಿಕೆಯ ಮೇಲೇ ಮಡಿಚಿ ಅವನ ಮೇಜಿನ ಮೇಲಿಟ್ಟಳು. ದನಿ ಏರಲಿಲ್ಲ. “ಇದು ನಿಮ್ಮ ಅವ್ವ ಬ್ಯಾರೆ ಯಾರಿಗೋ ಕೊಟ್ಟಾರ ಸರ್. ನನಗಲ್ಲ.”

“ಮುಂದ ಹೇಳತೇನ್ರಿ. ಮೊದಲ ಮದಿವ್ಯಾಗಲಿ...”

“ಮುಚ್ಚಿಟ್ಟ ಸೊಸಿ ನಾ ಆಗಂಗಿಲ್ಲ. ನಮ್ಮಪ್ಪ ಇಡೀ ಊರಿನ ಮುಂದ ಧರ್ಮ ಬದಲಿ ಮಾಡಿದಾವ, ಆತನ ಮಗಳು ನಾನು.” ಅವಳು ಖಣದ ಮೇಲಿಂದ ಕೈ ತೆಗೆದಳು. “ನೀವು ಕೆಟ್ಟವರಲ್ಲ. ಎರಡೂ ಕಡೆ ಪ್ರೀತಿ ಐತಿ ನಿಮಗ, ನನಗ ಗೊತ್ತೈತಿ. ಅದಕ್ಕ ಗೆರಿ ಬಿಟ್ಟು ಅಲ್ಲಾಡವಲ್ರಿ.”

ಮಾರ್ಚ್ ಮೂವತ್ತೊಂದರಂದು ಅವಳು ತಿಕೋಟಿಯ ಬಸ್ಸು ಹತ್ತಿದಳು. ಅಮೋಘಿ ಬಸ್ ಸ್ಟ್ಯಾಂಡಿನ ಹೊರಗೆ, ಎಳನೀರಿನ ಗಾಡಿಯ ಹಿಂದೆ ನಿಂತಿದ್ದ. ಬಸ್ಸು ಹೋದ ಮೇಲೂ ಸುಮಾರು ಹೊತ್ತು ಅಲ್ಲೇ ಇದ್ದ. ಗಾಡಿಯವನು ಎರಡು ಸಲ ಏನು ಬೇಕೆಂದು ಕೇಳಿ, ಮೂರನೆಯ ಸಲ ಕೇಳಲಿಲ್ಲ.

*

ಏಪ್ರಿಲಿನ ಬಿಸಿಲು. ಲ್ಯಾಬಿನಲ್ಲಿ ಅವಳ ಸ್ಟೂಲ್ ಗೋಡೆಗೆ ಒರಗಿತ್ತು. ಯಾರೂ ಅದನ್ನು ಎಳೆದುಕೊಳ್ಳಲಿಲ್ಲ, ಅಮೋಘಿ ಎಳೆದುಕೊಳ್ಳಲು ಬಿಡಲೂ ಇಲ್ಲ. ಬೆಳಿಗ್ಗೆ ಎಂಟಕ್ಕೇ ಬರುವ ಅಭ್ಯಾಸ ಹೋಗಲಿಲ್ಲ. ತೊಟ್ಟಿಗೆ ಕರೆಂಟು ಕೊಟ್ಟು ಒಬ್ಬನೇ ಒಂದು ತಾಸು ಕೂಡುತ್ತಿದ್ದ. ಒಂದು ತಾಸು ಅಷ್ಟು ಉದ್ದವಿದೆಯೆಂದು ಅವನಿಗೆ ಮೊದಲು ಗೊತ್ತಿರಲಿಲ್ಲ.

“ನಿನ್ನ ಖೋಲ್ಯಾಗ ನಾಕು ರೇಡಿಯೊ ಅದಾವ,” ಅಬ್ದುಲಸಮದ ಒಂದು ಸಂಜೆ ಅಂದ. “ಒಂದನ್ನೂ ಹಚ್ಚವಲ್ಲಿ. ಹಿಂಗಾದ್ರ ಸಾಯತಿ ಭಾಯ್.”

“ಹಚ್ಚಿದ್ರೂ ಯಾರೂ ನನ್ನ ಜೋಡಿ ಮಾತಾಡಂಗಿಲ್ಲಲ್ಲ,” ಅಂದ ಅಮೋಘಿ.

ಪರೀಕ್ಷೆಗೆ ಎರಡು ದಿನ ಮೊದಲು, ಶನಿವಾರ ಬೆಳಿಗ್ಗೆ, ಗುರುಪಾದಯ್ಯನವರು ಪ್ರಯೋಗ ನೋಡಲು ಬಂದರು. ನೇರಳೆ ಚುಕ್ಕಿಗಳು ಚೆನ್ನಾಗಿ ಮೂಡಿದ್ದವು. “ಎರಡು ಅಗದಿ ದೂರ ಹೋಗ್ಯಾವ,” ಅಂದರು. “ಈ ನಡುವಿಂದು ಯಾಕೋ? ಇದರಾಗ ಚಾರ್ಜ್ ಇಲ್ಲೇನು? ಪರೀಕ್ಷಾ ಮಾಡಾಕ ಬಂದವರು ಕೇಳಿದ್ರ ಏನ ಹೇಳ್ತಿ?”

“ಐತ್ರಿ ಸರ್. ಎರಡೂ ಐತಿ. ಒಂದಕ್ಕೊಂದು ಸರಿಸಮ ಆಗಿ ನಿಂತೈತಿ.”

“ಸರಿಸಬೇಕಂದ್ರ?”

“ಬಫರ್ ಬದಲಿ ಮಾಡಬೇಕ್ರಿ. ಸ್ವಲ್ಪ ಆ್ಯಸಿಡ್ ಹೆಚ್ಚಾದ್ರ ಒಂದ ಕಡೆ, ಬೇಸ್ ಹೆಚ್ಚಾದ್ರ ಇನ್ನೊಂದ ಕಡೆ. ಇದ್ದ ನೀರಾಗ ಇಟ್ಟು ನೂರು ವರ್ಷ ಕರೆಂಟ್ ಕೊಟ್ರೂ ಹಂದಾಡಂಗಿಲ್ಲ.”

ಹೇಳಿ ಮುಗಿಸುವಷ್ಟರಲ್ಲಿ ಅವನ ದನಿ ಸಣ್ಣಗಾಯಿತು. ಗುರುಪಾದಯ್ಯನವರು ಅದನ್ನು ಗಮನಿಸಲಿಲ್ಲ. ಪಕ್ಕದಲ್ಲಿದ್ದ ಹೊಸ ಪೇಪರಿನತ್ತ ಕೈ ಚಾಚಿದ್ದರು.

“ಸರ್, ಬರಿಗೈಲೆ ಮುಟ್ಟಬ್ಯಾಡ್ರಿ,” ಅಂದ ಅಮೋಘಿ. “ಕೆಡತೈತಿ.”

ಗುರುಪಾದಯ್ಯನವರು ಕೈ ಹಿಂದೆ ತೆಗೆದುಕೊಂಡು, “ಹೌದೇನು? ಮೊದಲ ಹೇಳಬೇಕಿಲ್ಲೋ ಮಾರಾಯಾ,” ಎಂದು ಚಿಮಟ ಹುಡುಕಿದರು. ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ಹೇಳಬಹುದಿತ್ತು, ಎಷ್ಟೋ ದಿನದ ಹಿಂದೆಯೇ ಹೇಳಬಹುದಿತ್ತು. ಅಮೋಘಿಗೆ ತನ್ನ ಮೇಲೆ ಬಂದ ಸಿಟ್ಟು ಹೇಳತೀರದು.

ಹತ್ತು ಗಂಟೆಯ ಬಸ್ಸಿಗೆ ಅವನು ಬಬಲೇಶ್ವರಕ್ಕೆ ಹೊರಟ. ಖಣ ಚೀಲದಲ್ಲಿತ್ತು.

ಬೋರವ್ವ ಒಲೆಯ ಮುಂದಿದ್ದಳು. ಮಗ ಬಂದನೆಂದು ಹಂಚಿನ ಮೇಲೆ ರೊಟ್ಟಿ ಹಾಕಿದಳು. ಅಮೋಘಿ ಕುಳಿತುಕೊಳ್ಳದೆ, ನಿಂತೇ ಹೇಳಿದ. ಸತ್ಯವ್ವ ಯಾವ ಓಣಿಯವಳು, ಯಾರ ಮಗಳು, ತಾನು ಹೋದ ಸಲ ಏನನ್ನು ನುಂಗಿಕೊಂಡೆ, ಎಲ್ಲವನ್ನೂ. “ಆಕೀನ್ನ ಬಿಟ್ಟು ನಾ ಯಾರನ್ನೂ ಒಲ್ಲೆ ಅವ್ವಾ,” ಅಂದ.

ಹಂಚಿನ ಮೇಲಿನ ರೊಟ್ಟಿ ಹೊಗೆಯಾಡಿತು. ಇಬ್ಬರೂ ಅದನ್ನು ತಿರುವಿಹಾಕಲಿಲ್ಲ.

“ಖಣ ಎಲ್ಲೈತಿ?” ಅಂದಳು ಬೋರವ್ವ.

ಅವನು ಕೊಟ್ಟ. ಅವಳು ಅದನ್ನು ಟ್ರಂಕಿನಲ್ಲಿ ಹಾಕಿ ಮುಚ್ಚಿದಳು. “ನಾಳೆ ನಮ್ಮವ್ರು ಯಾರೂ ನನ್ನ ಹೊಸ್ತಲಾ ತುಳಿಯಂಗಿಲ್ಲ. ಮದಿವಿಗಿ ಕರ್ಯಾಂಗಿಲ್ಲ, ಸತ್ತರ ಹೊರಂಗಿಲ್ಲ. ನಿನ್ನ ಸಲುವಾಗಿ ನಾ ಏನೇನ ಬಿಟ್ಟೀನಿ, ಎಲ್ಲಾ ಬಿಟ್ಟೀನಿ. ಇದೊಂದು ಬಿಡಾಕ ಆಗಂಗಿಲ್ಲ ಯಪ್ಪಾ.” ಮುಖ ಒಲೆಯ ಕಡೆಗೇ ಇತ್ತು. “ಹೋಗು. ನಾ ಸತ್ತರೂ ಬರಬ್ಯಾಡ.”

ಅಮೋಘಿ ಅವಳ ಕಾಲು ಮುಟ್ಟಲು ಬಗ್ಗಿದ. ಅವಳು ಕಾಲು ಹಿಂದೆ ಎಳೆದುಕೊಂಡಳು.

*

ವಿಜಾಪುರಕ್ಕೆ ಬಂದು, ಅಲ್ಲಿಂದ ತಿಕೋಟಿಯ ಬಸ್ಸು ಹಿಡಿದು ಇಳಿದಾಗ ನಾಲ್ಕು ಗಂಟೆ. ದ್ರಾಕ್ಷಿ ತೋಟದಿಂದ ಕೂಲಿಯವರು ಮರಳುತ್ತಿದ್ದರು. ಅಮೋಘಿ ದಾರಿ ಕೇಳಿಕೊಂಡು ಕೆಳಗಿನ ಓಣಿಗೆ ಬಂದ. ಹೊಸಬ ಬಂದದ್ದು ಕಂಡು ಬಾಗಿಲು ಬಾಗಿಲಿಗೆ ಜನ ನಿಂತರು.

ಸತ್ಯವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಶಾಲೆಯ ಪೇಪರ್ ತಿದ್ದುತ್ತಿದ್ದಳು. ಅವನನ್ನು ನೋಡಿ ಎದ್ದು ನಿಂತಳು. ಕೈಯಲ್ಲಿದ್ದ ಕೆಂಪು ಪೆನ್ನು ಕೆಳಗೆ ಬಿತ್ತು.

“ಹೇಳಿದೆ,” ಅಂದ ಅಮೋಘಿ.

“ಪೂರಾ?”

“ಪೂರಾ. ಹೆಸರು, ಓಣಿ, ಸುಳ್ಳ ಹೇಳಿದ್ದು, ಮದಿವ್ಯಾಗತೇನಿ ಅಂದದ್ದು. ಏನೂ ಉಳಿಸಿಲ್ಲ.”

“ಏನಂದ್ರು?”

ಸ್ವಲ್ಪ ಮೆತ್ತಗೆ ಮಾಡಿ ಹೇಳಬಹುದಿತ್ತು. ಇನ್ನೊಂದು ವರ್ಷಕ್ಕೆ ಸರಿಹೋಗುತ್ತದೆ ಅನ್ನಬಹುದಿತ್ತು. ಅವನು ಹಾಗೆ ಮಾಡಲಿಲ್ಲ. “ಸತ್ತರೂ ಬರಬ್ಯಾಡ ಅಂದಳು.”

ಸತ್ಯವ್ವ ಕಣ್ಣು ಮುಚ್ಚಿ ತೆರೆದಳು. ಆ ತಾಯಿಯ ನೋವು ಅವಳಿಗೂ ತಟ್ಟಿತು. ಅದರ ಜೊತೆಗೇ, ಈ ಮನುಷ್ಯ ಹಗಲಿನಲ್ಲಿ, ಓಣಿಯ ನಟ್ಟನಡುವೆ, ಒಂದು ಅಕ್ಷರ ಮುಚ್ಚಿಡದೆ ನಿಂತಿದ್ದಾನಲ್ಲ ಎಂಬ ಹೆಮ್ಮೆಯೂ ಉಕ್ಕಿತು. ಇವನನ್ನು ಎಷ್ಟು ಪ್ರೀತಿಸುತ್ತೇನೆ ಎಂದು ಅವಳಿಗೆ ಪೂರ್ತಿ ತಿಳಿದದ್ದು ಆ ಗಳಿಗೆಯಲ್ಲೇ.

ಅವಳ ತಾಯಿ ತಿಪ್ಪವ್ವ ಬಾಗಿಲಿಗೆ ಬಂದಳು. “ಯಾರವ್ವಾ ಇವರು?”

ಸತ್ಯವ್ವ ತಿರುಗಿದಳು. ಅಕ್ಕಪಕ್ಕದ ಬಾಗಿಲುಗಳಿಗೂ ಕೇಳುವ ಹಾಗೆ ಹೇಳಿದಳು. “ಇವರು ಅಮೋಘಿ ಅಂತ. ಬಬಲೇಶ್ವರದ ಕುರುಬರ ಮನಿಯವರು. ನಾ ಇವರನ್ನ ಮದಿವ್ಯಾಗತೇನಬೇ.”

ತಿಪ್ಪವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು. “ಅವರ ಮನ್ಯಾಗ?”

“ಒಲ್ಲೆ ಅಂದಾರ.”

“ನಿಮ್ಮಪ್ಪ ತ್ವಾಟದಿಂದ ಬರಲಿ, ಮಾತಾಡೂಣು,” ಅಂದಳು ತಿಪ್ಪವ್ವ. ಆಮೇಲೆ ಅವನ ಬಾಡಿದ ಮುಖ ಕಂಡು, “ಉಂಡೀರೇನ್ರಿ?” ಎಂದು ಕೇಳಿದಳು.

ಅಮೋಘಿ ಹೌದು ಅನ್ನಲು ಹೋದ. ಆಗಲಿಲ್ಲ.

ಕಟ್ಟೆಯ ಮೇಲೇ ತಾಟು ಬಂತು. ರೊಟ್ಟಿ, ಪುಂಡಿಪಲ್ಯ, ಒಂದು ತಂಬಿಗೆ ನೀರು. ಎದುರು ಮನೆಯವರು ನೋಡುತ್ತಲೇ ಇದ್ದರು. ಅವನು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಹಂಚಿನ ಮೇಲೆ ಹೊತ್ತಿಹೋದ ರೊಟ್ಟಿ ನೆನಪಾಯಿತು, ಮುರಿದ ರೊಟ್ಟಿಯನ್ನು ತಾಟಿಗೆ ಮರಳಿ ಇಟ್ಟ.

“ಅವ್ವ ಈಗ ಒಬ್ಬಾಕೀನ ಕುರಿಮರಿ ಹಟ್ಟ್ಯಾಗ ಕೂಡಿಸಾಕತ್ತಿರತಾಳ,” ಅಂದ. ಅಂದವನೇ ಅಷ್ಟು ಜನರ ಎದುರಿಗೆ ಅತ್ತುಬಿಟ್ಟ.

ಸತ್ಯವ್ವ ಸಮಾಧಾನ ಹೇಳಲಿಲ್ಲ. ಎಲ್ಲ ಸರಿಹೋಗುತ್ತದೆ ಅನ್ನಲಿಲ್ಲ, ಹೋಗುತ್ತದೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಅವನ ಪಕ್ಕದಲ್ಲಿ, ತೋಳಿಗೆ ತೋಳು ತಾಗುವಂತೆ ಕುಳಿತಳು.

“ಅಳ್ರಿ,” ಅಂದಳು. “ನಾ ಇಲ್ಲೇ ಕುಂತೇನಿ.”